ತೆರೆಯ ಮೇಲಿನ ನಗರ ಮತ್ತು ನಮ್ಮ ಗಣಕಯಂತ್ರ

ಹೊಸ ಆಟವು ಸರಾಗವಾಗಿ ಓಡುತ್ತಿಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡು ಬೇಕು ಎಂದು ಮಕ್ಕಳು ಹಟ ಹಿಡಿದಾಗ, ಹಣ ತೆರುವ ಮುನ್ನ ಹಿರಿಯರು ಅರಿಯಬೇಕಾದ ಸಂಗತಿಯೊಂದಿದೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯು 2020ರ ಡಿಸೆಂಬರಿನಲ್ಲಿ ಹೊರತಂದ ‘ಸೈಬರ್‌ಪಂಕ್ 2077’ ಆಟವನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಆಟಗಾರನು ಇಡೀ ನಗರವೊಂದರಲ್ಲಿ ಮನಬಂದಂತೆ ಸಂಚರಿಸಬಹುದು. ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದು ಚಿತ್ರಕ್ಕೆ ದೊರೆಯುವ ಅವಧಿ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಅಷ್ಟರೊಳಗೆ ದುಡಿಯುವವರು ಇಬ್ಬರು. ದಾರಿಹೋಕರೂ ವಾಹನಗಳೂ ಎತ್ತ ಸಾಗಬೇಕೆಂದು ಲೆಕ್ಕ ಹಾಕುವುದು ಪ್ರೊಸೆಸರ್. ನೆರಳು, ಬೆಳಕುಗಳನ್ನು ಚಿತ್ರಿಸುವುದು ಕಾರ್ಡು. ಒಬ್ಬನು ತಡಮಾಡಿದರೆ ಇನ್ನೊಬ್ಬನು ಕಾಯಲೇಬೇಕು.

ಬೆಳಕಿನ ಕಿರಣಗಳ ಜಾಡು ಹಿಡಿದು ಪ್ರತಿಬಿಂಬ ಮೂಡಿಸುವ ‘ರೇ ಟ್ರೇಸಿಂಗ್’ ಇಬ್ಬರಿಗೂ ಹೊರೆಯೇ. ಮಳೆಯಲ್ಲಿ ತೊಯ್ದ ಬೀದಿಯು ಅದರಿಂದ ಬಲು ಸೊಗಸಾಗಿ ಕಾಣುವುದು ನಿಜ. ಓಡುವ ಭರದಲ್ಲಿ ಅದನ್ನು ಗಮನಿಸುವವರು ಎಷ್ಟು ಮಂದಿಯೋ! ಮೊದಲು ಅದನ್ನು ನಿಲ್ಲಿಸಬೇಕು. ಬಳಿಕ ತೆರೆಯ ರೆಸಲ್ಯೂಷನ್ನನ್ನು 3840×2160ರಿಂದ 1920×1080ಕ್ಕೆ ಇಳಿಸಿದರೆ, ಚಿತ್ರಿಸಬೇಕಾದ ಬಿಂದುಗಳು ಸುಮಾರು 83 ಲಕ್ಷದಿಂದ 21 ಲಕ್ಷಕ್ಕೆ ತಗ್ಗುತ್ತವೆ. ಆಗಲೂ ವೇಗ ಹೆಚ್ಚದಿದ್ದರೆ ಸೋತಿರುವುದು ಪ್ರೊಸೆಸರ್. ಕಾರ್ಡನ್ನು ಬದಲಿಸಿ ಫಲವಿಲ್ಲ. ರೆಸಲ್ಯೂಷನ್ನನ್ನು ಮೊದಲಿನಂತೆಯೇ ಏರಿಸಿ, ‘ಕ್ರೌಡ್ ಡೆನ್ಸಿಟಿ’, ಅಂದರೆ ಬೀದಿಯ ಜನಸಂದಣಿಯನ್ನು ಕಡಿಮೆ ಮಾಡಿ ನೋಡತಕ್ಕದ್ದು.