ಊರಲ್ಲಿ ಸರಿಯಾಗಿ ಹಿಡಿಯುವ ಬ್ರೇಕ್ ಘಾಟ್‌ನಲ್ಲಿ ಕೈಕೊಡುವುದೇಕೆ?

ಪಿಕಪ್ ಓಡಿಸುವವರ ನಡುವೆ ಮೂರು ಮಾತು ಆಗಾಗ ಕೇಳಿಬರುತ್ತವೆ. ಬ್ರೇಕ್ ಆಯಿಲ್ ಕಡಿಮೆಯಾದರೆ ಮೇಲೆ ಸ್ವಲ್ಪ ಹಾಕಿದರೆ ಸಾಕು, ಬದಲಿಸಬೇಕಿಲ್ಲ. ತುರ್ತಿಗೆ ಇಂಜಿನ್ ಆಯಿಲ್ ಹಾಕಿದರೂ ನಡೆಯುತ್ತದೆ. ಡಬ್ಬಿಯ ಮೇಲಿನ ನಂಬರ್ ದೊಡ್ಡದಿದ್ದಷ್ಟೂ ಆಯಿಲ್ ಒಳ್ಳೆಯದು. ಮೂರೂ ತಪ್ಪು. ಅದರಲ್ಲೂ ಮೊದಲನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಬಹಳ ದಿನ ನಿಜವೆಂದೇ ಕಾಣುತ್ತದೆ.

ಜಮಖಂಡಿ, ಮುಧೋಳ, ಬೀಳಗಿ ಕಡೆ ರಸ್ತೆಗಳು ಬಹುಪಾಲು ಬಯಲಿನವು. ಮಹಾಲಿಂಗಪುರದ ಪೇಟೆಗೆ ಬೆಲ್ಲ ಒಯ್ಯುವಾಗ, ರಬಕವಿ-ಬನಹಟ್ಟಿಯಿಂದ ಸೀರೆ ಗಂಟು ಹೇರಿಕೊಂಡು ಹೊರಟಾಗ ಬ್ರೇಕ್ ತುಳಿಯುವುದು ಆಗೊಮ್ಮೆ ಈಗೊಮ್ಮೆ. ಅದೇ ಗಾಡಿ ಲೋಡ್ ತುಂಬಿಕೊಂಡು, ಬೆಳಗಾವಿ ದಾಟಿ, ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಬೇಕಾದಾಗ ಲೆಕ್ಕವೇ ಬೇರೆ.

ಆಯಿಲ್ ಒಳಗೆ ನೀರು ಹೇಗೆ ಬರುತ್ತದೆ?

ನೀವು ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲ್ ಅನ್ನು ಒತ್ತುತ್ತದೆ. ದ್ರವವನ್ನು ಹಿಸುಕಿ ಕುಗ್ಗಿಸಲು ಆಗುವುದಿಲ್ಲ. ಆದ್ದರಿಂದ ಕಾಲಿನ ಒತ್ತಡ ಪೈಪಿನ ಮೂಲಕ ನೇರ ಚಕ್ರಗಳಿಗೆ ಮುಟ್ಟುತ್ತದೆ.

ನಾವು ಆಯಿಲ್ ಎಂದು ಕರೆದರೂ ಇದು ಪೆಟ್ರೋಲಿಯಂ ಎಣ್ಣೆಯಲ್ಲ. ಸಾಮಾನ್ಯವಾಗಿ ಸಿಗುವ ಡಾಟ್ 3, ಡಾಟ್ 4 ದ್ರವಗಳು ಗ್ಲೈಕಾಲ್ ಜಾತಿಯ ರಾಸಾಯನಿಕದಿಂದ ಆಗಿವೆ. ಮಳೆಗಾಲದಲ್ಲಿ ಉಪ್ಪು ನೀರೊಡೆಯುವ ಹಾಗೆ ಇವು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತವೆ. ರಬ್ಬರ್ ಪೈಪಿನ ಮೂಲಕ, ಮುಚ್ಚಳದ ಸಂದಿನಿಂದ ವರ್ಷಗಟ್ಟಲೆ ತೇವ ಒಳಗೆ ಸೇರುತ್ತಲೇ ಇರುತ್ತದೆ. ಗಾಡಿ ಓಡದೆ ನಿಂತಿದ್ದರೂ ಇದು ನಿಲ್ಲುವುದಿಲ್ಲ.

ನೀರು ಸೇರಿದರೆ ಏನಾಗುತ್ತದೆ?

ಆಯಿಲ್ ಕುದಿಯುವ ಉಷ್ಣತೆ ಇಳಿಯುತ್ತದೆ. ಪ್ರತಿ ದರ್ಜೆಗೆ ಇರಬೇಕಾದ ಕನಿಷ್ಠ ಮಟ್ಟ ಹೀಗಿದೆ:

• ಡಾಟ್ 3: ಹೊಸದಾಗಿದ್ದಾಗ 205 ಡಿಗ್ರಿ ಸೆಲ್ಸಿಯಸ್, ನೀರು ಸೇರಿದಾಗ 140
• ಡಾಟ್ 4: ಹೊಸದಾಗಿದ್ದಾಗ 230, ನೀರು ಸೇರಿದಾಗ 155
• ಡಾಟ್ 5.1: ಹೊಸದಾಗಿದ್ದಾಗ 260, ನೀರು ಸೇರಿದಾಗ 180

ಇಲ್ಲಿ 'ನೀರು ಸೇರಿದಾಗ' ಎಂದರೆ ಅರ್ಧಕ್ಕರ್ಧ ನೀರಲ್ಲ. ಸುಮಾರು ಶೇ. 3.7ರಷ್ಟು ಮಾತ್ರ.

ಈಗ ಘಾಟ್ ಇಳಿಯುವ ಬಿಸಿಯನ್ನು ಲೆಕ್ಕ ಹಾಕೋಣ. ಲೋಡ್ ಸೇರಿ 3 ಟನ್ ತೂಗುವ ಪಿಕಪ್ 500 ಮೀಟರ್ ಎತ್ತರದಿಂದ ಕೆಳಗಿಳಿಯಿತು ಎನ್ನಿ. ವೇಗ ಹೆಚ್ಚದಂತೆ ಬರೀ ಬ್ರೇಕಿನಿಂದಲೇ ತಡೆದರೆ, ಬ್ರೇಕ್‌ಗಳಲ್ಲಿ ಹುಟ್ಟುವ ಶಾಖದಿಂದ ಸುಮಾರು 50 ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಬಹುದು. ಈ ಬಿಸಿಯಲ್ಲಿ ಒಂದಿಷ್ಟು ಚಕ್ರದ ಬಳಿಯ ಆಯಿಲ್‌ಗೂ ಮುಟ್ಟುತ್ತದೆ.

ಅಲ್ಲಿ ಆಯಿಲ್ ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ. ಆವಿಯನ್ನು ಹಿಸುಕಬಹುದು. ಹಾಗಾಗಿ ನೀವು ತುಳಿದ ಬಲ ಗುಳ್ಳೆಯನ್ನು ಹಿಸುಕುವುದರಲ್ಲೇ ಮುಗಿದುಹೋಗುತ್ತದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

ಇನ್ನೊಂದು ಮೋಸವೂ ಇದೆ. ಗಾಡಿ ಹೇಗೋ ನಿಂತು ತಣ್ಣಗಾದರೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಮೊದಲಿನಂತೆ ಗಟ್ಟಿಯಾಗುತ್ತದೆ. ಗ್ಯಾರೇಜಿಗೆ ತಂದಾಗ ಮಿಸ್ತ್ರಿ ತುಳಿದು ನೋಡಿ 'ಬ್ರೇಕ್ ಸರಿ ಇದೆಯಲ್ಲ' ಎನ್ನಬಹುದು. ಊರಲ್ಲಿ ಸರಿಯಾಗಿ ಹಿಡಿಯುತ್ತದೆ ಎಂಬುದು ಆಯಿಲ್ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಮೇಲೆ ಹಾಕಿದರೆ ಸಾಲದೇ?

ಸಾಲದು. ಹಳೆಯ ಆಯಿಲ್‌ನಲ್ಲಿರುವ ನೀರು ಅಲ್ಲೇ ಉಳಿಯುತ್ತದೆ, ಅದೂ ಹೆಚ್ಚು ಬಿಸಿಯಾಗುವ ಚಕ್ರದ ಬಳಿ. ಇನ್ನು ಮಟ್ಟ ಇಳಿದಿರುವುದೇ ಒಂದು ಸೂಚನೆ. ನಿಧಾನವಾಗಿ ಇಳಿದಿದ್ದರೆ ಪ್ಯಾಡ್, ಲೈನರ್ ಸವೆದಿರಬಹುದು. ಬೇಗನೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಕಾರಣ ನೋಡದೆ ಮೇಲೆ ಸುರಿದರೆ ಸೂಚನೆಯನ್ನೇ ಮುಚ್ಚಿದಂತೆ.

ಇಂಜಿನ್ ಆಯಿಲ್ ಹಾಕಬಹುದೇ?

ಖಂಡಿತ ಬೇಡ. ಗ್ಲೈಕಾಲ್ ದ್ರವಕ್ಕೆಂದು ಮಾಡಿದ ರಬ್ಬರ್ ಸೀಲ್‌ಗಳು ಪೆಟ್ರೋಲಿಯಂ ಎಣ್ಣೆ ತಗುಲಿದರೆ ಊದಿಕೊಳ್ಳುತ್ತವೆ. ಬ್ರೇಕ್ ಜಾಮ್ ಆಗಬಹುದು, ಪೂರ್ತಿ ಹೋಗಲೂಬಹುದು. ತಪ್ಪಿ ಹಾಕಿದ್ದರೆ ಗಾಡಿ ಓಡಿಸಬೇಡಿ. ಎಲ್ಲವನ್ನೂ ತೊಳೆದು, ರಬ್ಬರ್ ಭಾಗಗಳನ್ನು ಬದಲಿಸಬೇಕಾಗುತ್ತದೆ. ನೀರು, ಸೋಪಿನ ನೀರು ಕೂಡ ಬೇಡ.

ದೊಡ್ಡ ನಂಬರ್ ಎಂದರೆ ಒಳ್ಳೆಯದೇ?

ಡಾಟ್ 5 ಮತ್ತು ಡಾಟ್ 5.1 ಹೆಸರು ಒಂದೇ ಥರ ಕಂಡರೂ ಬೇರೆ ಬೇರೆ. 5.1 ಗ್ಲೈಕಾಲ್ ಜಾತಿಯದು, ಡಾಟ್ 5 ಸಿಲಿಕೋನ್‌ನದು. ಡಾಟ್ 5 ಅನ್ನು ಉಳಿದ ಯಾವುದರ ಜೊತೆಗೂ ಬೆರೆಸಬಾರದು. ಸರಿಯಾದ ಉತ್ತರ ಬಾನೆಟ್ ಕೆಳಗೇ ಇದೆ: ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಅಥವಾ ಗಾಡಿಯ ಪುಸ್ತಕದಲ್ಲಿ ಬರೆದಿರುವುದನ್ನೇ ಹಾಕಿಸಿ.

ನೀವು ಮಾಡಬೇಕಾದದ್ದು

• ಗಾಡಿಯ ಪುಸ್ತಕದಲ್ಲಿ ಹೇಳಿದ ಅವಧಿಗೆ ಆಯಿಲ್ ಪೂರ್ತಿ ಬದಲಿಸಿ. ಅನೇಕ ಕಂಪನಿಗಳು ಹೇಳುವುದು ಎರಡು ವರ್ಷ. ಕಿಲೋಮೀಟರ್ ಕಡಿಮೆ ಓಡಿದ್ದರೂ ವರ್ಷದ ಲೆಕ್ಕ ಮರೆಯಬೇಡಿ.
• ನಾಲ್ಕೂ ಚಕ್ರದಿಂದ ಹಳೆಯ ಆಯಿಲ್ ಹೊರಬಂದು, ಏರ್ ತೆಗೆಯುವವರೆಗೆ ಕೆಲಸ ಮುಗಿದಂತಲ್ಲ. ಹೊರಬಂದ ಆಯಿಲ್ ಮತ್ತೆ ಹಾಕಿಸಬೇಡಿ.
• ಸೀಲ್ ಇರುವ ಸಣ್ಣ ಬಾಟಲಿ ಕೊಳ್ಳಿ. ತಿಂಗಳುಗಟ್ಟಲೆ ತೆರೆದಿಟ್ಟ ಬಾಟಲಿಯಲ್ಲೂ ತೇವ ಸೇರಿರುತ್ತದೆ.
• ಬಣ್ಣ ನೋಡಿ ನೀರಿದೆಯೋ ಇಲ್ಲವೋ ಹೇಳಲಾಗದು.
• ಬ್ರೇಕ್ ಆಯಿಲ್ ವಿಷ, ಮಕ್ಕಳ ಕೈಗೆ ಸಿಗದಂತೆ ಇಡಿ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಏಳುತ್ತದೆ.
• ಘಾಟ್ ಇಳಿಯುವಾಗ ಸಣ್ಣ ಗೇರ್‌ನಲ್ಲಿ ಇಳಿಯಿರಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು, ಇಂಜಿನ್ ಬಂದ್ ಮಾಡುವುದು ಬೇಡ.
• ಇಳಿಜಾರಿನಲ್ಲಿ ಪೆಡಲ್ ಮೆತ್ತಗಾದರೆ ಬೇಗಬೇಗ ಹಲವು ಸಲ ತುಳಿಯಿರಿ, ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಅನ್ನು ನಿಧಾನವಾಗಿ ಎಳೆಯಿರಿ. ಗಾಡಿ ನಿಂತು, ತಣ್ಣಗಾಗಿ ಪೆಡಲ್ ಗಟ್ಟಿಯಾದರೂ ಅದನ್ನು ನಂಬಿ ಮುಂದೆ ಹೊರಡಬೇಡಿ, ಮಿಸ್ತ್ರಿಯನ್ನು ಕರೆಸಿ.

ಇದನ್ನು ನಿಮ್ಮ ಡ್ರೈವರ್ ಗ್ರೂಪಿಗೆ ಕಳಿಸುವ ಮೊದಲು ಒಂದು ಕೆಲಸ ಮಾಡಿ: ನಿಮ್ಮ ಗಾಡಿಯ ಬ್ರೇಕ್ ಆಯಿಲ್ ಕಡೆಯ ಸಲ ಬದಲಿಸಿದ್ದು ಯಾವಾಗ ಎಂದು ಹಳೆಯ ಬಿಲ್ ತೆಗೆದು ನೋಡಿ. ಬಿಲ್ ಇಲ್ಲ, ದಿನವೂ ನೆನಪಿಲ್ಲ ಎಂದಾದರೆ, ಮುಂದಿನ ಬಾಡಿಗೆಗೆ ಹೊರಡುವ ಮೊದಲೇ ಬದಲಿಸಿಬಿಡಿ.