ಅರಣ್ಯ ಹಕ್ಕು: ಕಾಡಿನ ಹಂಚಿಕೆಯಲ್ಲ, ಕಾಡಿನ ಅಧಿಕಾರ

2006ರ ಅರಣ್ಯ ಹಕ್ಕು ಕಾಯ್ದೆಯ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಹಬ್ಬಿರುವ ನಂಬಿಕೆಯೆಂದರೆ, ಅದು ಕಾಡನ್ನು ತುಂಡು ಮಾಡಿ ಆದಿವಾಸಿಗಳಿಗೆ ಹಂಚುವ ಸರ್ಕಾರಿ ಯೋಜನೆ ಎಂಬುದು. ಆದರೆ ಹೊಸದಾಗಿ ಕಾಡು ಕಡಿದವರಿಗೆ ಈ ಕಾಯ್ದೆಯಡಿ ಒಂದು ಗುಂಟೆಯೂ ಸಿಗುವುದಿಲ್ಲ. ಪರಿಶಿಷ್ಟ ಬುಡಕಟ್ಟಿನ ಕುಟುಂಬವೊಂದು 2005ರ ಡಿಸೆಂಬರ್ 13ಕ್ಕೆ ಮೊದಲೇ ಕಾಡಿನಲ್ಲಿ ವಾಸವಿದ್ದು ಸಾಗುವಳಿ ಮಾಡುತ್ತಿದ್ದರೆ, ಆ ಸಾಗುವಳಿಯ ನೆಲವನ್ನು ಅವರ ಹೆಸರಿಗೆ ದಾಖಲಿಸಬೇಕು ಎನ್ನುತ್ತದೆ ಕಾಯ್ದೆ. ಅದಕ್ಕೂ 4 ಹೆಕ್ಟೇರ್ ಮಿತಿಯಿದೆ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು. ಅದು ಮಕ್ಕಳಿಗೆ ಬರುತ್ತದೆ, ಆದರೆ ಮಾರಲು, ಪರಭಾರೆ ಮಾಡಲು ಬರುವುದಿಲ್ಲ. ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳೂ ಅರ್ಜಿ ಹಾಕಬಹುದು. ಅವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಮಲೆನಾಡಿನ ಸಾವಿರಾರು ಅರ್ಜಿಗಳು ಎಡವಿರುವುದು ಇಲ್ಲಿಯೇ.

ಇದರ ಜೊತೆಗೇ ಬರುವ ಮಾತು, ಕಾಡಿನಲ್ಲಿರುವವರು ಒತ್ತುವರಿದಾರರು ಎಂಬುದು. ಯಾರು ಮೊದಲು ಬಂದರೆಂದು ಕೇಳಿದರೆ ಈ ಮಾತು ನಿಲ್ಲುವುದಿಲ್ಲ. ಸೋಲಿಗರ ಪೋಡುಗಳು, ಜೇನು ಕುರುಬ, ಬೆಟ್ಟ ಕುರುಬ, ಯರವರ ಹಾಡಿಗಳು, ಅಂದರೆ ಇವರ ಜನವಸತಿಗಳು, ಅರಣ್ಯ ಇಲಾಖೆಗಿಂತ ಹಳೆಯವು. ಬ್ರಿಟಿಷರ 1865 ಮತ್ತು 1878ರ ಅರಣ್ಯ ಕಾನೂನುಗಳು, ಅದೇ ದಾರಿ ಹಿಡಿದ ಸಂಸ್ಥಾನಗಳ ನಿಯಮಗಳು ಕಾಡಿಗೆ ಗಡಿಗೆರೆ ಎಳೆದು ಸರ್ಕಾರದ ಆಸ್ತಿಯೆಂದು ಸಾರಿದವು. ಒಳಗಿದ್ದವರ ಹಕ್ಕು ಏನೆಂದು ಸರಿಯಾಗಿ ವಿಚಾರಿಸಿದವರಿಲ್ಲ. ಸ್ವಾತಂತ್ರ್ಯದ ನಂತರವೂ ಅದು ಬದಲಾಗಲಿಲ್ಲ. ಇದನ್ನು ಐತಿಹಾಸಿಕ ಅನ್ಯಾಯವೆಂದು ಸಂಸತ್ತು ಕಾಯ್ದೆಯ ಪೀಠಿಕೆಯಲ್ಲೇ ಒಪ್ಪಿಕೊಂಡಿದೆ.

ಕಾಗದವಿಲ್ಲದವರಿಗೆ ಹಕ್ಕಿಲ್ಲ ಎಂದೂ ಅನೇಕರು, ಕೆಲವು ಅಧಿಕಾರಿಗಳು ಸಹ, ನಂಬಿದ್ದಾರೆ. ಆದರೆ ಕಾಯ್ದೆಯ ನಿಯಮಗಳಲ್ಲಿ ಪಹಣಿಯನ್ನೇ ತರಬೇಕೆಂಬ ಕಟ್ಟಳೆಯಿಲ್ಲ. ಹಳೆಯ ಬಾವಿ, ಸ್ಮಶಾನ, ದೇವರ ಬನ, ಮನೆಯ ಅಡಿಪಾಯ, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ, ಇವೆಲ್ಲ ಸಾಕ್ಷ್ಯವೇ. ಉಪಗ್ರಹ ಚಿತ್ರ ಪೂರಕವಾಗಬಹುದು, ಅದೊಂದನ್ನೇ ನಂಬಿ ಉಳಿದ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಸಂಶೋಧಕರ ಜೊತೆ ಸೇರಿ ತಮ್ಮ ಕುಲಗಳ ಎಲ್ಲೆಗಳನ್ನೂ, ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಕರೆಯುವ ನೂರಾರು ಪವಿತ್ರ ತಾಣಗಳನ್ನೂ ನಕ್ಷೆಗೆ ಇಳಿಸಿದ್ದಾರೆ. ತಲೆಮಾರುಗಳಿಂದ ಬಾಯಲ್ಲೇ ಉಳಿದಿದ್ದ ಭೂಗೋಳ ಹೀಗೆ ದಾಖಲೆಯಾಯಿತು.

ವೈಯಕ್ತಿಕ ಹಕ್ಕುಪತ್ರ ಸಿಕ್ಕರೆ ಕೆಲಸ ಮುಗಿಯಿತು ಎಂಬುದು ಇನ್ನೂ ದೊಡ್ಡ ತಪ್ಪು. ಕಾಯ್ದೆಯ ಜೀವಾಳ ಇರುವುದು ಸಮುದಾಯದ ಹಕ್ಕಿನಲ್ಲಿ. ಜೇನು, ನೆಲ್ಲಿ, ಅಂಟುವಾಳ, ಪಾಚಿಯಂಥ ಕಿರು ಅರಣ್ಯ ಉತ್ಪನ್ನಗಳ ಒಡೆತನ, ಮೇವು, ನೀರು, ಪೂಜೆಯ ಜಾಗ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಸಾಂಪ್ರದಾಯಿಕ ಎಲ್ಲೆಯೊಳಗಿನ ಕಾಡನ್ನು ಕಾಯುವ, ನಿರ್ವಹಿಸುವ ಅಧಿಕಾರ ಅದರಲ್ಲಿ ಸೇರಿವೆ. ಮಹಾರಾಷ್ಟ್ರದ ಗಡಚಿರೋಲಿಯ ಮೆಂಢಾ ಲೇಖಾ ಗ್ರಾಮಕ್ಕೆ 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಹಕ್ಕು ದೊರೆಯಿತು. ಆದರೂ ಬಿದಿರು ಸಾಗಿಸಲು ಇಲಾಖೆಯ ರಹದಾರಿ ಬೇಕಿತ್ತು. ರಹದಾರಿ ಕೊಡುವ ಅಧಿಕಾರವೇ ಗ್ರಾಮಸಭೆಯ ಕೈಗೆ ಬಂದದ್ದು 2011ರಲ್ಲಿ. ಹಕ್ಕು ಪತ್ರದಲ್ಲಿದ್ದರೂ ಸಾಗಣೆಯ ಬೀಗದಕೈ ಇನ್ನೊಬ್ಬರ ಬಳಿ ಉಳಿದರೆ ಆ ಹಕ್ಕಿನಿಂದ ಊಟಕ್ಕೇನೂ ಬರುವುದಿಲ್ಲ.

ಹುಲಿ ಸಂರಕ್ಷಿತ ಪ್ರದೇಶಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂಬ ವಾದವನ್ನು ಕರ್ನಾಟಕವೇ ಸುಳ್ಳಾಗಿಸಿದೆ. ಬಿಳಿಗಿರಿರಂಗನ ಬೆಟ್ಟದ ಅರಣ್ಯ 1974ರಲ್ಲಿ ಅಭಯಾರಣ್ಯವಾದಾಗ ಸೋಲಿಗರನ್ನು ಕಾಡೊಳಗಿಂದ ಅಂಚಿಗೆ ತರಲಾಗಿತ್ತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ನಂತರ ಮಾರಾಟಕ್ಕಾಗಿ ಕಾಡುತ್ಪನ್ನ ತರುವುದೂ ನಿಂತಿತು. ಹುಲಿ ಸಂರಕ್ಷಿತ ಪ್ರದೇಶವೆಂಬ ಘೋಷಣೆಯ ಬೆನ್ನಲ್ಲೇ, 2011ರಲ್ಲಿ, ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶಗಳಿಂದ ಜನರನ್ನು ಸ್ಥಳಾಂತರಿಸುವುದು ಕಾನೂನುಬದ್ಧವಾಗಿ ಸಾಧ್ಯವೇ ಇಲ್ಲ ಎಂಬುದೂ ಸರಿಯಲ್ಲ. ಸಾಧ್ಯವಿದೆ, ಆದರೆ ಮೊದಲು ಹಕ್ಕುಗಳ ಮಾನ್ಯತೆ ಮುಗಿದಿರಬೇಕು, ಜನರಿದ್ದರೆ ವನ್ಯಜೀವಿಗೆ ಸರಿಪಡಿಸಲಾಗದ ಹಾನಿಯೆಂದು ತೋರಿಸಬೇಕು, ಸಹಬಾಳ್ವೆಗೆ ಬೇರೆ ದಾರಿಯಿಲ್ಲವೆಂದು ನಿರ್ಧಾರವಾಗಬೇಕು, ಗ್ರಾಮಸಭೆ ಲಿಖಿತ ಒಪ್ಪಿಗೆ ಕೊಡಬೇಕು. ನಾಗರಹೊಳೆಯಿಂದ ಹೊರಬಿದ್ದ ಸಾವಿರಾರು ಕುಟುಂಬಗಳಲ್ಲಿ ಬಹಳಷ್ಟು ಮಂದಿಯ ಒಪ್ಪಿಗೆ ಕೇಳಿದವರೇ ಇರಲಿಲ್ಲ. 2025ರ ಮೇ ತಿಂಗಳಲ್ಲಿ ಜೇನು ಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಳೆಯ ಹಾಡಿಗೆ ಮರಳಿ ಗುಡಿಸಲು ಹಾಕಿಕೊಂಡದ್ದರ ಹಿಂದೆ ಈ ಇತಿಹಾಸವಿದೆ. ಅದೇ ನಾಗರಹೊಳೆಯ ಒಳಗೆ ತಾಜ್ ಸಮೂಹದ ರೆಸಾರ್ಟ್ ಏಳತೊಡಗಿದಾಗ ಅದನ್ನು ತಡೆದದ್ದು ಆದಿವಾಸಿಗಳ ಹೋರಾಟ ಮತ್ತು 1997ರ ಹೈಕೋರ್ಟ್ ತೀರ್ಪು ಎಂಬುದನ್ನೂ ನೆನೆಯಬೇಕು.

ಜನರಿದ್ದರೆ ಕಾಡು ಹಾಳಾಗುತ್ತದೆ ಎಂಬ ನಂಬಿಕೆಯನ್ನು ಪರೀಕ್ಷಿಸಲು ಲಂಟಾನ ಎಂಬ ಕಳೆಗಿಡ ಒಳ್ಳೆಯ ಉದಾಹರಣೆ. ಸೋಲಿಗರು ಬೇಸಿಗೆಯ ಮೊದಲಲ್ಲೇ ಒಣ ಎಲೆಗೆ ಸಣ್ಣಗೆ ಹಚ್ಚುತ್ತಿದ್ದ ಬೆಂಕಿಗೆ ತರಗು ಬೆಂಕಿ ಎನ್ನುತ್ತಾರೆ. ಅದನ್ನು ನಿಷೇಧಿಸಿದ ನಂತರ ಲಂಟಾನ ಕಾಡನ್ನು ಮುಚ್ಚಿತು, ಹುಲ್ಲು ಹೋಯಿತು, ಮೇಯುವ ಪ್ರಾಣಿಗಳಿಗೆ ಕಷ್ಟವಾಯಿತು ಎನ್ನುವುದು ಅವರ ವಾದ. ಪರಿಸರ ವಿಜ್ಞಾನಿಗಳು ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದ್ದಾರೆ. ಹಾಗೆಂದು ಹಕ್ಕು ಕೊಟ್ಟಿದ್ದರಿಂದಲೇ ಬಿಳಿಗಿರಿರಂಗನ ಬೆಟ್ಟದಲ್ಲಿ ಹುಲಿ ಹೆಚ್ಚಿತು ಎಂಬ ಪ್ರಚಾರವನ್ನೂ ಒಪ್ಪಬೇಕಿಲ್ಲ. ಹುಲಿಗಳ ಸಂಖ್ಯೆ ಏರಲು ಇಳಿಯಲು ಹತ್ತಾರು ಕಾರಣಗಳಿರುತ್ತವೆ, ಮತ್ತು ಆದಿವಾಸಿಯ ಹಕ್ಕು ಹುಲಿಯ ಲೆಕ್ಕವನ್ನು ಅವಲಂಬಿಸಿಲ್ಲ.

ಅರ್ಜಿ ತಿರಸ್ಕೃತವಾದರೆ ಅರ್ಜಿದಾರ ಸುಳ್ಳುಗಾರ ಎಂದು ತಿಳಿಯುವವರಿದ್ದಾರೆ. ಆದರೆ ತಿರಸ್ಕಾರವೇ ಸರಿಯಾಗಿ ನಡೆದಿದೆಯೇ ಎಂಬುದು ನ್ಯಾಯಾಲಯದಲ್ಲೂ ಪ್ರಶ್ನೆಯಾಯಿತು. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ತಿರಸ್ಕೃತರನ್ನು ತೆರವುಗೊಳಿಸಲು ಆದೇಶಿಸಿ, ಅದೇ ತಿಂಗಳ 28ರಂದು ಆದೇಶವನ್ನು ತಾನೇ ತಡೆಹಿಡಿಯಿತು. ಅರ್ಜಿಗಳನ್ನು ಹೇಗೆ ತಿರಸ್ಕರಿಸಲಾಯಿತೆಂದು ರಾಜ್ಯಗಳಿಂದ ವಿವರಣೆ ಕೇಳಿತು.

ಇನ್ನೊಂದು ತಪ್ಪು ತಿಳಿವಳಿಕೆ, ಸ್ವಯಮಾಡಳಿತ ಎಂದರೆ ದೇಶ ಒಡೆಯುವುದು ಎಂಬ ಭಯ. ಮೂಲನಿವಾಸಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಘೋಷಣೆ 2007ರ ಸೆಪ್ಟೆಂಬರ್ 13ರಂದು ಅಂಗೀಕಾರವಾದಾಗ ಭಾರತ ಅದರ ಪರ ಮತ ಹಾಕಿತು. ಸ್ವನಿರ್ಣಯದ ಹಕ್ಕನ್ನು ಸಾರುವ ಅದೇ ಘೋಷಣೆಯ 46ನೇ ವಿಧಿ, ಯಾವ ದೇಶದ ಅಖಂಡತೆಗೂ ಧಕ್ಕೆ ತರುವಂತೆ ಅದನ್ನು ಬಳಸಬಾರದೆನ್ನುತ್ತದೆ. ಭಾರತದಲ್ಲಿ ಇದರ ರೂಪ ಹೇಗಿರುತ್ತದೆಂದು ಒಡಿಶಾದ ನಿಯಮಗಿರಿ ತೋರಿಸಿತು. ಬಾಕ್ಸೈಟ್ ಗಣಿಯ ಪ್ರಶ್ನೆಯನ್ನು 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳ ಮುಂದಿಟ್ಟಿತು. ಅಲ್ಲಿನ ಡೋಂಗ್ರಿಯಾ ಕೊಂಧ ಆದಿವಾಸಿಗಳು ಮತ್ತು ನೆರೆಯವರು ಸೇರಿದ 12 ಸಭೆಗಳೂ ಗಣಿ ಬೇಡವೆಂದವು. ಅಲ್ಲಿ ಬಳಕೆಯಾದದ್ದು ಸಂಸತ್ತು ಮಾಡಿದ ಕಾನೂನೇ.

ಕರ್ನಾಟಕದ ಆದಿವಾಸಿಗಳಿಗೂ ಸಂವಿಧಾನದ ಐದನೇ ಅನುಸೂಚಿಯ ರಕ್ಷಣೆಯಿದೆ ಎಂದು ಅನೇಕರು ಭಾವಿಸಿದ್ದಾರೆ. ಆದರೆ ಆ ಅನುಸೂಚಿ ಅನ್ವಯಿಸುವ ಅನುಸೂಚಿತ ಪ್ರದೇಶಗಳು ಹತ್ತು ರಾಜ್ಯಗಳಲ್ಲಿವೆ, ಕರ್ನಾಟಕದಲ್ಲಿ ಒಂದೂ ಇಲ್ಲ. ಆದ್ದರಿಂದ ಅಂಥ ಪ್ರದೇಶಗಳಿಗೆಂದು 1996ರಲ್ಲಿ ಬಂದ ಪಂಚಾಯತ್ ವಿಸ್ತರಣಾ ಕಾಯ್ದೆಯೂ ಇಲ್ಲಿಗಿಲ್ಲ. ಕಾಡಿನ ಬಗ್ಗೆ ಹಾಡಿಯ ಸಭೆ ಆಡುವ ಮಾತಿಗೆ ಇಲ್ಲಿ ಕಾನೂನಿನ ಬಲ ಬರುವುದು ಮುಖ್ಯವಾಗಿ ಅರಣ್ಯ ಹಕ್ಕು ಕಾಯ್ದೆಯಿಂದ. ಸಭೆಗೆ ಹಾಜರಿದ್ದವರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಹೆಂಗಸರಿರಬೇಕು ಎಂಬುದು ಅದರ ನಿಯಮ. ಸಭೆಯನ್ನು ಹಾಡಿಯಲ್ಲೇ ಕರೆಯದೆ ಇಡೀ ಪಂಚಾಯಿತಿಗೆ ಒಂದಾಗಿ ಕರೆದರೆ, ಮೂವತ್ತು ನಲವತ್ತು ಮನೆಗಳ ಹಾಡಿಯ ದನಿ ದೊಡ್ಡ ಊರುಗಳ ನಡುವೆ ದಾಖಲೆಗೇ ಬರುವುದಿಲ್ಲ.