ಊರ ಮುಂದಣ ಕಲ್ಲುಗಳು

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳ ಹಳೆಯ ಹಳ್ಳಿಗಳಲ್ಲಿ ಸಂಚರಿಸುವವರು ಅರಳಿಕಟ್ಟೆಯ ಮಗ್ಗುಲಲ್ಲಿಯೋ, ಕೆರೆಯ ಏರಿಯ ಮೇಲೆಯೋ, ಪಾಳುಗುಡಿಯ ಅಂಗಳದಲ್ಲಿಯೋ ನೆಲದಿಂದೆದ್ದು ನಿಂತಿರುವ ಕಲ್ಲೊಂದನ್ನು ಕಾಣದೆ ಹಿಂದಿರುಗುವುದು ಅಪರೂಪ. ಕೆಲವಕ್ಕೆ ಅರಿಸಿನ ಕುಂಕುಮಗಳ ಲೇಪ. ಕೆಲವಕ್ಕೆ ಎಮ್ಮೆಯ ಬೆನ್ನಿನ ತಿಕ್ಕಾಟ. ಇದು ಯಾವ ಕಲ್ಲು ಎಂದು ಊರವರನ್ನು ಕೇಳಿದರೆ ‘ವೀರರ ಗುಡಿ’ಯೆಂದೋ, ‘ಮಾಸ್ತಮ್ಮ’ನೆಂದೋ ಹೇಳುವರು. ಅಕ್ಷರಗಳಿದ್ದರೆ ಮಾತ್ರ ದನಿಯನ್ನು ತಗ್ಗಿಸಿ, ‘ಅದು ಲಿಪಿಕಲ್ಲು, ಕೆಳಗೆ ಹೊನ್ನಿನ ಕೊಪ್ಪರಿಗೆ ಇದೆಯಂತೆ’ ಎನ್ನುವರು. ಈ ಕಡೆಯ ಉತ್ತರವೇ ಕಲ್ಲಿಗೆ ಮೃತ್ಯುವಾಗಿರುವುದು.

ಶಾಸನಗಳನ್ನು ಓದಿದವರೆಲ್ಲರೂ ಬಲ್ಲರು: ಅವುಗಳಲ್ಲಿ ನಿಧಿಯ ಸುದ್ದಿ ಇರುವುದಿಲ್ಲ. ಇಂತಹ ದೇವರ ನಂದಾದೀಪಕ್ಕೆ ಇಷ್ಟು ಎಣ್ಣೆ, ಇಂತಹ ಬ್ರಾಹ್ಮಣನಿಗೆ ಇಷ್ಟು ಗದ್ದೆ, ಇಂತಹ ಗೌಡನು ಕಟ್ಟಿಸಿದ ಕೆರೆಗೆ ಇಂತಹ ತೂಬು, ಅದರ ಎಲ್ಲೆಯು ಮೂಡಲಿಗೆ ಹುಣಿಸೆಯ ಮರ, ತೆಂಕಲಿಗೆ ಹುತ್ತ. ಇಷ್ಟೇ ಅದರೊಳಗಣ ಹೊನ್ನು. ಆದರೂ ಅಮಾವಾಸ್ಯೆಯ ಇರುಳಿನಲ್ಲಿ ಹಾರೆ ಗುದ್ದಲಿಗಳನ್ನು ಹೊತ್ತು ಬರುವ ದುರಾಶೆಯ ಜನರು ಎಲ್ಲ ಕಾಲದಲ್ಲಿಯೂ ಇರುವರಷ್ಟೆ. ಶಾಸನದ ಕೊನೆಯಲ್ಲಿ, ಈ ದತ್ತಿಯನ್ನು ಕೆಡಿಸಿದವನು ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂದೂ, ಸಹಸ್ರಾರು ವರುಷ ಹುಳುವಾಗಿ ಹುಟ್ಟುವನೆಂದೂ ಶಾಪಗಳನ್ನು ಕೆತ್ತಿಸಿರುವರು. ಪಾಪ, ಆ ಕಾಲದವರು ಕಳ್ಳನಿಗೂ ಓದು ಬರುವುದೆಂದು ನಂಬಿದ್ದರೆಂದು ತೋರುತ್ತದೆ! ಶಾಪಕ್ಕೆ ಅಂಜದವರು ಕಾನೂನಿಗಾದರೂ ಅಂಜಬೇಕು. ನಿಧಿ ಕಾನೂನಿನಂತೆ ನೆಲದಲ್ಲಿ ಹೂತಿದ್ದ ನಿಧಿ ದೊರೆತರೆ ಅದನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು.

ಅಮೆರಿಕಾ ದೇಶದ ಟೆಕ್ಸಾಸ್ ಸಂಸ್ಥಾನದಲ್ಲಿ, ಆ ಸೀಮೆಯು ಸ್ವತಂತ್ರವಾಗಿ ನೂರು ವರುಷ ತುಂಬಿದ 1936ರಲ್ಲಿ, ಜಿಲ್ಲೆ ಜಿಲ್ಲೆಗೂ ಕಗ್ಗಲ್ಲಿನ ಗುರುತುಗಳನ್ನು ನೆಡಿಸಿದರು. ಅಲ್ಲಿಂದೀಚೆಗೆ ದಾರಿಯ ಬದಿಯಲ್ಲಿ ಸಾವಿರಾರು ಲೋಹದ ಫಲಕಗಳನ್ನು ನಿಲ್ಲಿಸಿ, ಇಲ್ಲಿ ಮೊದಲ ಶಾಲೆ ನಡೆಯಿತು, ಇಲ್ಲಿ ಕದನವಾಯಿತು ಎಂದು ಬರೆದಿಡುತ್ತಿರುವರು. ಪ್ರಶಂಸನೀಯವಾದ ಕಾರ್ಯ. ಆದರೆ ಅಲ್ಲಿ ಸರಕಾರವು ಮಾಡಿದ ಕೆಲಸವನ್ನು ನಮ್ಮಲ್ಲಿ ಸಾವಿರ ವರುಷಗಳ ಹಿಂದೆ ಊರವರೇ, ತಮ್ಮ ಕೈಯ ಹಣದಿಂದ, ತಮ್ಮ ಊರ ಕಲ್ಲುಕುಟಿಗನಿಂದ ಮಾಡಿಸಿದರು.

ಇವುಗಳನ್ನು ಗುರುತಿಸುವುದು ಕಷ್ಟವಲ್ಲ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತುಗಳು. ಕೆಳಗಡೆ ಬಿಲ್ಲು ಕತ್ತಿಗಳನ್ನು ಹಿಡಿದ ವೀರನು ಕಾದುತ್ತಿರುವನು. ಒಮ್ಮೊಮ್ಮೆ ಅವನ ಬೆನ್ನ ಹಿಂದೆ ಹಸುಗಳು ಕಾಣುವುವು, ಅಂದರೆ ತುರುಗಳನ್ನು ಕಳ್ಳರಿಂದ ಬಿಡಿಸುವಾಗ ಮಡಿದವನು. ನಡುವೆ ಅಪ್ಸರೆಯರು ಅವನ ಎರಡು ತೋಳುಗಳನ್ನು ಹಿಡಿದು ಮೇಲಕ್ಕೊಯ್ಯುವರು. ಮೇಲೆ ಶಿವಲಿಂಗದ ಇದಿರಿನಲ್ಲಿ ಅವನು ಕೈಮುಗಿದು ಕುಳಿತಿರುವನು, ತುದಿಯಲ್ಲಿ ಸೂರ್ಯಚಂದ್ರರು. ಅವರಿರುವ ತನಕ ಈ ಹೆಸರೂ ಇರಲೆಂಬುದು ಅದರ ಅರ್ಥ. ಮಾಸ್ತಿಗಲ್ಲಿನ ಲಕ್ಷಣ ಬೇರೆ: ಕಂಬದಿಂದ ಹೊರಟ ಒಂದು ತೋಳು, ಅದರ ತುಂಬ ಬಳೆ, ಅಂಗೈಯಲ್ಲಿ ನಿಂಬೆಯ ಹಣ್ಣು. ಗಂಡನೊಡನೆ ಚಿತೆಯನ್ನೇರಿದವಳ ಗುರುತು ಅದು. ನಮ್ಮ ಗೃಹಿಣಿಯರು ಇಂದಿಗೂ ಅದಕ್ಕೆ ಬಾಗಿನವನ್ನಿಡುವರು. ಆ ಪದ್ಧತಿಯು 1829ರಲ್ಲಿ ಬಂಗಾಳದಲ್ಲಿಯೂ, 1830ರಲ್ಲಿ ಕೊಳ್ಳೇಗಾಲವು ಸೇರಿದ್ದ ಮದರಾಸು ಆಧಿಪತ್ಯದಲ್ಲಿಯೂ ನಿಷಿದ್ಧವಾದುದು ಲೋಕಕ್ಕೆ ಒಳ್ಳೆಯದಾಯಿತು. ಪದ್ಧತಿಯನ್ನು ಒಪ್ಪದೆಯೂ ಆ ಹೆಂಗಸಿನ ನೆನಪನ್ನು ಕಾಪಾಡಬಹುದು. ಎಷ್ಟೋ ಊರುಗಳಲ್ಲಿ ಆ ಕಾಲದ ಹೆಣ್ಣೊಬ್ಬಳು ಬದುಕಿದ್ದಳೆಂಬುದಕ್ಕೆ ಆ ಬಳೆಯ ತೋಳೊಂದೇ ಸಾಕ್ಷಿ.

ಇನ್ನು ಲಿಪಿಕಲ್ಲುಗಳ ವಿಷಯ. ಇಲ್ಲಿ ನಮ್ಮ ಸೀಮೆಗೆ ಒಂದು ವಿಚಿತ್ರವಾದ ದುರದೃಷ್ಟ ಒದಗಿತು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ಯಳಂದೂರು ಮೈಸೂರು ಸಂಸ್ಥಾನದಲ್ಲಿ ಉಳಿಯಿತು. ಕೊಳ್ಳೇಗಾಲವು ಕುಂಪಣಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಎರಡು ಊರುಗಳ ನಡುವಣ ದೂರ 15 ಕಿಲೋಮೀಟರಿನ ಆಸುಪಾಸು. ಒಂದೇ ಮಾತು, ಒಂದೇ ಜಾತ್ರೆ, ಹೆಣ್ಣು ತರುವ ಕೊಡುವ ಸಂಬಂಧಗಳೂ ಒಂದೇ. ಆದರೆ ಬಿ. ಎಲ್. ರೈಸ್ ಮಹಾಶಯರು ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ತಿರುಗಿ ಸಂಗ್ರಹಿಸಿ, ಸುಮಾರು 9000 ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿಸಿದಾಗ, ಯಳಂದೂರು ಜಹಗೀರಿನ ಕಲ್ಲುಗಳು 1898ರ ನಾಲ್ಕನೆಯ ಸಂಪುಟದಲ್ಲಿ ಸ್ಥಾನ ಪಡೆದುವು. ಗಡಿಯಾಚೆಯ ಕೊಳ್ಳೇಗಾಲದ ಕಲ್ಲುಗಳು ಹೊರಗುಳಿದುವು. ಅವುಗಳ ಪ್ರತಿಗಳನ್ನು ತೆಗೆದವರು ಮದರಾಸಿನ ಶಾಸನಾಧಿಕಾರಿಗಳು. ಕನ್ನಡ ನಾಡಿನ ಇತಿಹಾಸವನ್ನು ಬರೆಯಹೊರಟ ನಮ್ಮ ವಿದ್ವಾಂಸರಿಗೆ ಮನೆಯ ಪಕ್ಕದ ಕಲ್ಲು ಬಹುಕಾಲ ಪರದೇಶದ ಕಲ್ಲಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದವರು ಆ ಸಂಪುಟಗಳನ್ನು ಪರಿಷ್ಕರಿಸಿ ಹೊರತಂದಾಗ ಕೊಳ್ಳೇಗಾಲ, ಯಳಂದೂರುಗಳ ಶಾಸನಗಳು ಒಂದೇ ರಟ್ಟಿನೊಳಗೆ ಕೂಡಿದುವು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಹನೂರು ಈಚೆಗೆ ಕೊಳ್ಳೇಗಾಲದಿಂದ ಬೇರೆಯಾದ ತಾಲ್ಲೂಕು.

ಕೊಳ್ಳೇಗಾಲದ ಬಳಿಯ ಮುಡಿಗುಂಡವನ್ನೇ ನೋಡಿರಿ. ಆ ಹೆಸರಿನೊಳಗೆ ‘ಮುಡಿಗೊಂಡ’, ಎಂದರೆ ಕಿರೀಟವನ್ನು ಗೆದ್ದುಕೊಂಡ ಚೋಳನೊಬ್ಬನು ಅಡಗಿರುವನು. ಹನ್ನೊಂದನೆಯ ಶತಮಾನದ ಆದಿಯಲ್ಲಿ ತಲಕಾಡು ಚೋಳರ ವಶವಾಗಿ, ಹೊಯ್ಸಳ ವಿಷ್ಣುವರ್ಧನನು ಅದನ್ನು 1116ರ ಸುಮಾರಿನಲ್ಲಿ ಮರಳಿ ಗೆಲ್ಲುವವರೆಗೆ ಈ ಸೀಮೆಯು ಅವರ ಆಳ್ವಿಕೆಯಲ್ಲಿತ್ತು. ಆದುದರಿಂದ ಇಲ್ಲಿಯ ಹಲವು ಕಲ್ಲುಗಳ ಬರಹ ತಮಿಳು. ಇದನ್ನು ಕಂಡು ಕೆಲವರು ಮುಖ ಸಿಂಡರಿಸುವುದನ್ನು ನೋಡಿದ್ದೇನೆ. ಸಿಂಡರಿಸಬೇಕಾದುದೇನಿದೆ? ತಮಿಳಿನಲ್ಲಿ ಬರೆದ ಕಲ್ಲೂ ನಮ್ಮ ಊರಿನ ಕೆರೆ, ನಮ್ಮ ಊರಿನ ದೇವರು, ನಮ್ಮ ಊರಿನ ಗದ್ದೆಗಳ ಮಾತನ್ನೇ ಹೇಳುವುದು. ಭಾಷೆಯ ಮೇಲಣ ಮುನಿಸಿನಿಂದ ಅದನ್ನು ಒಡೆದವನು ತನ್ನ ಮುತ್ತಾತನ ಹೆಸರನ್ನೇ ಒಡೆದಾನು.

ಯಳಂದೂರಿನ ಕಡೆಗೆ ತಿರುಗಿದರೆ ವಿಷಯ ಸಮೃದ್ಧವಾಗುತ್ತದೆ. ಸುವರ್ಣಾವತಿಯ ತಡಿಯ ಈ ಪುಟ್ಟ ಊರು ಹದಿನಾಡಿನ ಪ್ರಭುಗಳ ರಾಜಧಾನಿ. ಹಳೆಯ ರೂಪ ‘ಪದಿನಾಡು’. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪದಿನಾಡು ಹದಿನಾಡಾಯಿತು. ಕಲ್ಲಿನ ಮೇಲೆ ಪಕಾರವಿದೆಯೋ ಹಕಾರವಿದೆಯೋ ಎಂಬುದನ್ನು ನೋಡಿಯೇ ಅದರ ವಯಸ್ಸನ್ನು ಸ್ಥೂಲವಾಗಿ ಊಹಿಸಬಹುದು. ಊರಿನ ಹೆಸರನ್ನು ‘ಎಳ’ ‘ಇಂದು’ ಎಂದು ಬಿಡಿಸಿ, ಬಾಲೇಂದುಪುರವೆಂದು ಸಂಸ್ಕೃತೀಕರಿಸಿದವರೂ ಉಂಟು. ಕೊಳ್ಳೇಗಾಲಕ್ಕೆ ಕಹೋಳ, ಗಾಲವರೆಂಬ ಋಷಿಗಳನ್ನು ತಂದು ಕೂರಿಸಿದುದೂ ಇಂತಹ ಪಾಂಡಿತ್ಯವೇ. ಸಂಸ್ಕೃತವನ್ನೋದಿದ ನಾನು ಇದನ್ನು ಹೇಳಬಾರದು. ಆದರೆ ಪಂಡಿತರು ಕಟ್ಟಿದ ನಿರುಕ್ತಿಗಿಂತ ಕಲ್ಲು ಹೇಳುವ ರೂಪವೇ ಹೆಚ್ಚು ನಂಬತಕ್ಕದ್ದು.

ಇಲ್ಲಿಯ ಗೌರೀಶ್ವರ ದೇವಾಲಯವನ್ನು ಹದಿನಾರನೆಯ ಶತಮಾನದ ನಡುವೆ ಸಿಂಗೆದೇವ ಭೂಪನೆಂಬ ಹದಿನಾಡಿನ ಪ್ರಭುವು ಕಟ್ಟಿಸಿದನು. ಅದರ ಮಹಾದ್ವಾರಕ್ಕೆ ಗೋಪುರವಿಲ್ಲ. ಬದಲಿಗೆ ಮೂಲೆಗಳಿಂದ ಕಲ್ಲಿನ ಬಳೆಗಳ ಸರಪಣಿಗಳು ಇಳಿಬಿದ್ದಿರುವುವು. ಒಂದರೊಳಗೊಂದು ಸೇರಿಸಿದುದಲ್ಲ, ಒಂದೇ ಕಲ್ಲಿನಲ್ಲಿ ಕಡೆದ ಕೊಂಡಿಗಳು. ಆದುದರಿಂದಲೇ ಅದಕ್ಕೆ ಬಳೆಮಂಟಪವೆಂದು ಹೆಸರು. ಇದು ಅದೇ ವಂಶದ ಮುದ್ದುರಾಜನ ಕಾಲದ್ದೆಂದು 1654ರ ಶಾಸನದಿಂದ ತಿಳಿಯುತ್ತದೆ. ಶಾಸನದ ಕಾಲವನ್ನು ಲೆಕ್ಕ ಹಾಕುವ ಬಗೆಯನ್ನು ಮಕ್ಕಳಿಗೆ ಕಲಿಸಬಹುದು: ಶಕವರುಷಕ್ಕೆ 78ನ್ನು ಕೂಡಿಸಿದರೆ ಕ್ರಿಸ್ತವರುಷ ಬರುವುದು. ಶಕ 1576 ಎಂದರೆ 1654, ಸಂವತ್ಸರ ಜಯ. ಅರುವತ್ತು ವರುಷಗಳಿಗೊಮ್ಮೆ ಅದೇ ಹೆಸರು ಮರಳುವುದರಿಂದ ಆರು ಸುತ್ತು ಕಳೆದು 2014ರಲ್ಲಿ ಮತ್ತೆ ಜಯ ಸಂವತ್ಸರವೇ ಬಂದಿತು. ಹೀಗೆ ಎಣಿಸಿ ತೋರಿಸಿದರೆ, ಇಸವಿಗಳೆಂದರೆ ಬೆದರುವ ಹುಡುಗರೂ ತಾವೇ ಕಲ್ಲನ್ನು ಹುಡುಕುತ್ತ ಹೊರಡುವರು.

1807ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಯಳಂದೂರನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟರು. ಆ ಮನೆತನದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಷಡಕ್ಷರದೇವನ ಗದ್ದುಗೆಯೂ ಯಳಂದೂರಿನಲ್ಲಿಯೇ ಇರುವುದು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದು, ‘ಹದಿಬದೆಯ ಧರ್ಮ’ವನ್ನು ರಚಿಸಿ, ಹೆಣ್ಣುಮಗುವೆಂದರೆ ಮುಖ ಬಾಡಿಸುವವರನ್ನು ಪ್ರಶ್ನಿಸಿದ ಸಂಚಿಯ ಹೊನ್ನಮ್ಮನೂ ಈ ಊರಿನವಳೇ. ಅವಳನ್ನು ನಾವು ಕಲ್ಲಿನಿಂದ ಅರಿತವರಲ್ಲ, ಗ್ರಂಥದಿಂದ ಅರಿತವರು. ತೋಳೊಂದನ್ನೇ ಉಳಿಸಿಹೋದ ಮಾಸ್ತಮ್ಮಂದಿರ ನಾಡಿನಲ್ಲಿ ತನ್ನ ಮಾತನ್ನೇ ಉಳಿಸಿಹೋದವಳು ಇವಳು.

ಶಿವನಸಮುದ್ರದ ಬಳಿ ಕಾವೇರಿಗೆ ಕಲ್ಲುಕಂಬಗಳ ಮೇಲೆ ಕಟ್ಟಿದ ಹಳೆಯ ಸೇತುವೆಯೂ ಒಂದು ಬಗೆಯ ಸ್ಮಾರಕವೇ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ರಾಮಸ್ವಾಮಿ ಮೊದಲಿಯಾರರೆಂಬ ಉದಾರಿಗಳು ಇಲ್ಲಿಯ ಸೇತುವೆ ದೇವಾಲಯಗಳಿಗೆ ತಮ್ಮ ಹಣವನ್ನು ವೆಚ್ಚಮಾಡಿ ‘ಜನೋಪಕಾರ ಕಾಮಕರ್ತ’ರೆಂಬ ಬಿರುದನ್ನು ಪಡೆದರು. 2018ರ ಪ್ರವಾಹದಲ್ಲಿ ಅದರ ಒಂದು ಭಾಗ ಕುಸಿಯಿತು.

ಹನೂರಿನ ಕಡೆ ಬೆಟ್ಟ ಕಾಡುಗಳು ಹೆಚ್ಚು. ಅಲ್ಲಿ ಚರಿತ್ರೆಯು ಕಲ್ಲಿಗಿಂತ ಕಂಠದಲ್ಲಿ ಹೆಚ್ಚಾಗಿ ಉಳಿದಿರುವುದು. ಮಲೆಯ ಮಾದೇಶ್ವರನ ಚರಿತ್ರೆಯನ್ನು ಕಂಸಾಳೆಯ ದೇವರ ಗುಡ್ಡರು ಇರುಳಿಡೀ ಹಾಡುವರು. ಆ ದೇವರಿಗೆ ಗುಡಿಯನ್ನು ಕಟ್ಟಿಸಿದ ಆಲಂಬಾಡಿಯ ಜುಂಜೇಗೌಡನ ಹೆಸರು ಉಳಿದಿರುವುದೂ ಹಾಡಿನಲ್ಲಿಯೇ. ಆದರೂ ನಮ್ಮ ಕಣ್ಣೆದುರಿನ ಕಾಲದಲ್ಲಿಯೇ ಅಲ್ಲಿ ಹೊಸ ವೀರಗಲ್ಲು ಎದ್ದಿದೆ. ಪಿ. ಶ್ರೀನಿವಾಸ್ ಎಂಬ ಅರಣ್ಯಾಧಿಕಾರಿಗಳು ದಂತಚೋರ ವೀರಪ್ಪನ್‌ನ ಹುಟ್ಟೂರಾದ ಗೋಪಿನಾಥದಲ್ಲಿಯೇ ನೆಲೆಸಿ, ಊರವರಿಗೆ ಮಾರಿಯಮ್ಮನ ಗುಡಿಯನ್ನು ಕಟ್ಟಿಸಿಕೊಟ್ಟು, ಜನರ ಮನಸ್ಸನ್ನು ತಿರುಗಿಸಲು ಶ್ರಮಿಸಿದರು. ಶರಣಾಗುವೆನೆಂಬ ಮಾತನ್ನು ನಂಬಿ ನಿರಾಯುಧರಾಗಿ ಹೋದ ಅವರನ್ನು 1991ರ ನವೆಂಬರ್ 10ರಂದು ಕಾಡಿನಲ್ಲಿ ಕೊಂದರು. ಸರಕಾರವು ಮರಣೋತ್ತರವಾಗಿ ಕೀರ್ತಿಚಕ್ರವನ್ನಿತ್ತಿತು. ಮಡಿದ ಸ್ಥಳದಲ್ಲಿ ಸ್ಮಾರಕವೂ ಆಗಿರುವುದು. ಆದರೆ ಗೋಪಿನಾಥದವರು ಮಾಡಿದುದು ಇನ್ನೂ ಹಳೆಯ ಪದ್ಧತಿ: ಆ ಗುಡಿಯಲ್ಲಿಯೇ ಅವರ ಚಿತ್ರವನ್ನಿಟ್ಟು ಕೈಮುಗಿಯುವರು. ಅಪ್ಸರೆಯರಿಲ್ಲ, ಸೂರ್ಯಚಂದ್ರರಿಲ್ಲ, ಭಾವ ಮಾತ್ರ ಸಾವಿರ ವರುಷದ ಹಿಂದಿನದೇ.

ಇಷ್ಟು ಉಳಿದಿರುವಾಗಲೂ ಪ್ರತಿದಿನ ಒಂದಿಲ್ಲೊಂದು ಹೋಗುತ್ತಿದೆ. ಒಂದು ಹಳ್ಳಿಯಲ್ಲಿ ಅಕ್ಷರಗಳಿದ್ದ ಕಲ್ಲನ್ನು ಬಾವಿಯ ಬಳಿ ಒಗೆಯುವ ಚಪ್ಪಡಿಯಾಗಿ ಹಾಸಿದ್ದರು. ಇನ್ನೊಂದೆಡೆ ಜೀರ್ಣೋದ್ಧಾರದ ಹೆಸರಿನಲ್ಲಿ ಗುಡಿಯ ಗೋಡೆಗೆ ಹೊಳೆಯುವ ಬಣ್ಣ ಬಳಿದು ಬರಹವನ್ನೇ ಮುಚ್ಚಿದ್ದರು. ಕೆಟ್ಟ ಬುದ್ಧಿಯಿಂದಲ್ಲ, ಭಕ್ತಿಯಿಂದಲೇ! ರಸ್ತೆಯನ್ನು ಅಗಲಿಸುವಾಗ ಹೂತುಹೋದುವಂತೂ ಲೆಕ್ಕಕ್ಕೆ ಸಿಕ್ಕವು. ಗೃಹಸ್ಥರು ಮಾಡಬಹುದಾದುದು ದೊಡ್ಡದೇನೂ ಅಲ್ಲ. ಕಲ್ಲನ್ನು ಕೀಳಬಾರದು, ಉಳಿಯಿಂದ ಕೆರೆಯಬಾರದು, ಬಣ್ಣವನ್ನು ಬಳಿಯಬಾರದು. ನೀರೂ ಮೆದುವಾದ ಕುಂಚವೂ ಸಾಕು. ಇಳಿಬಿಸಿಲಿನಲ್ಲಿ ನೋಡಿದರೆ ಅಕ್ಷರಗಳು ನೆರಳಿನಿಂದ ಎದ್ದು ಕಾಣುವುವು. ಆಗ ಛಾಯಾಚಿತ್ರವನ್ನು ತೆಗೆದು ಪುರಾತತ್ವ ಇಲಾಖೆಗೆ ತಿಳಿಸಬೇಕು. ಅಚ್ಚನ್ನು ತೆಗೆಯುವವರು ಕಲ್ಲನ್ನು ತೊಳೆದು, ಒದ್ದೆಯಾದ ಕಾಗದವನ್ನು ಹೊದಿಸಿ, ಅದು ಅಕ್ಷರದ ಹಳ್ಳಗಳೊಳಗೆ ಇಳಿಯುವಂತೆ ಕುಂಚದಿಂದ ಬಡಿದು, ಮೇಲೆ ಮಸಿಯನ್ನು ಒತ್ತುವರು. ಒಣಗಿಸಿ ಬಿಡಿಸಿದರೆ ಕರಿಯ ನೆಲದ ಮೇಲೆ ಬಿಳಿಯ ಅಕ್ಷರಗಳು ಮೂಡುವುವು.

ಬರಹವೇ ಇಲ್ಲದ ಕಲ್ಲಿಗೂ ಬೆಲೆಯುಂಟೆಂಬುದನ್ನು ತೋರಿಸಿಕೊಟ್ಟವರು ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ರಂಗನಾಥನನ್ನು ಭಾವನೆಂದು ಕರೆಯುವ ಈ ಜನರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ಎಲ್ಲೆಯುಂಟು. ಅದರೊಳಗೆ ದೇವರು, ಮಾರಮ್ಮ, ವೀರು, ಅಬ್ಬಿ, ಸತ್ತವರಿಗಾಗಿ ಕಲ್ಲಿಟ್ಟ ಕಲ್ಲುಗುಡಿ. 1974ರಲ್ಲಿ ಆ ಕಾಡು ವನ್ಯಧಾಮವಾದಾಗ ಅವರನ್ನು ಒಳಗಿನಿಂದ ತೆಗೆದು ಪೋಡುಗಳಲ್ಲಿ ನೆಲೆಗೊಳಿಸಿದರು. ಎಷ್ಟೋ ಕಲ್ಲುಗುಡಿಗಳಿಗೆ ಹೋಗುವ ದಾರಿಯೇ ಮುಚ್ಚಿತು. ಆಗ ಹಿರಿಯರು ತರುಣರನ್ನೂ ಸಂಶೋಧಕರನ್ನೂ ಜೊತೆಯಲ್ಲಿ ಕರೆದುಕೊಂಡು ಕಾಡನ್ನೆಲ್ಲ ನಡೆದು, ನಾನೂರಕ್ಕೂ ಮಿಕ್ಕ ಪವಿತ್ರ ಸ್ಥಳಗಳನ್ನು ಗುರುತಿಸಿ ಭೂಪಟದ ಮೇಲೆ ಬರೆಸಿದರು. 2011ರಲ್ಲಿ ಆ ಕಾಡು ಹುಲಿಗಳ ರಕ್ಷಿತಾರಣ್ಯವೆಂದು ಘೋಷಿತವಾಯಿತು. ಅದೇ ವರುಷದ ಅಕ್ಟೋಬರ್ 2ರಂದು 2006ರ ಅರಣ್ಯ ಹಕ್ಕು ಕಾನೂನಿನಂತೆ ಸೋಲಿಗರ ಪೋಡುಗಳಿಗೆ ಸಾಮುದಾಯಿಕ ಹಕ್ಕುಪತ್ರಗಳು ದೊರೆತುವು.